ಹದಿನಾರು ಕೆರೆಯ ಹೆಬ್ಬಾತುಗಳು ಯಾವಾಗ ಹೊರಡುತ್ತವೆ?

ಮಾರ್ಚ್ ಕೊನೆಗೆ ಮೈಸೂರು ಜಿಲ್ಲೆಯ ಹದಿನಾರು ಎಂಬ ಊರಿನ ಕೆರೆಯಲ್ಲಿ ಒಂದು ಹೆಬ್ಬಾತೂ ಕಾಣಲಿಲ್ಲ, ಅದೇ ದಿನ ರಂಗನತಿಟ್ಟಿನಲ್ಲಿ ಮರದ ತುಂಬ ಗೂಡುಗಳಿದ್ದವು, ವಲಸೆ ಹಕ್ಕಿಗಳೆಲ್ಲ ಅಲ್ಲಿಗೆ ಹೋದವೇ ಎಂದು ಕೇಳಿದ್ದೀರಿ. ಇಲ್ಲ, ನೀವು ನೋಡಿದ್ದು ಬೇರೆ ಹಕ್ಕಿಗಳನ್ನು.

ರಂಗನತಿಟ್ಟಿನ ಬಣ್ಣದ ಕೊಕ್ಕರೆ, ಚಮಚಕೊಕ್ಕು, ಹೆಜ್ಜಾರ್ಲೆ ನಮ್ಮ ದೇಶದವೇ. ನೀರು, ಮೀನು ಇರುವ ಕಡೆ ಹುಡುಕಿಕೊಂಡು ಓಡಾಡುತ್ತವೆ, ಸೈಬೀರಿಯಾದಿಂದ ಬರುವುದಿಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಮನೆಗಳ ಪಕ್ಕದ ಮರಗಳಲ್ಲಿ ಮರಿ ಮಾಡುವ ಕೊಕ್ಕರೆ, ಹೆಜ್ಜಾರ್ಲೆಗಳೂ ಹಾಗೆಯೇ. ಹಿಮಾಲಯದಾಚೆಯಿಂದ ಚಳಿಗಾಲ ಕಳೆಯಲು ಬರುವ ಪಟ್ಟೆತಲೆ ಹೆಬ್ಬಾತು, ಸೂಜಿಬಾಲದ ಬಾತುಗಳು ಇಲ್ಲಿ ಗೂಡು ಕಟ್ಟುವುದೇ ಇಲ್ಲ. ಪತ್ರಿಕೆಗಳಲ್ಲೂ ಇವೆರಡನ್ನೂ ಬೆರೆಸಿ ಬರೆಯುವುದುಂಟು, ಗೊಂದಲ ಅಲ್ಲಿಂದಲೇ ಶುರು.

ಹೆಬ್ಬಾತು ನೋಡಬೇಕಾದರೆ ಡಿಸೆಂಬರ್ ಮಧ್ಯದಿಂದ ಫೆಬ್ರವರಿ ಮಧ್ಯದೊಳಗೆ ಹೋಗಿ. ಫೆಬ್ರವರಿ ಕೊನೆಯಿಂದ ಗುಂಪು ಗುಂಪಾಗಿ ಖಾಲಿಯಾಗುತ್ತವೆ, ಮಾರ್ಚ್ ಕೊನೆಗೆ ಸಿಕ್ಕರೆ ಅದೃಷ್ಟ. ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ, ಹಳದಿ ಕೊಕ್ಕು, ಕಿತ್ತಳೆ ಕಾಲು ಇದರ ಗುರುತು. ಪಟ್ಟೆ ಸರಿಯಾಗಿ ಮೂಡಿಲ್ಲದವು ಕಳೆದ ಬೇಸಿಗೆಯಲ್ಲಿ ಹುಟ್ಟಿದವು.

ಹೊರಡುವ ಸೂಚನೆ ಕೊಡುವುದು ಸೆಕೆಯಲ್ಲ, ಹಗಲಿನ ಉದ್ದ ಮತ್ತು ಮೈಯೊಳಗಿನ ವಾರ್ಷಿಕ ಗಡಿಯಾರ. ಮೈಸೂರಿನಲ್ಲಿ ಡಿಸೆಂಬರ್ ಹಗಲಿಗೂ ಜೂನ್ ಹಗಲಿಗೂ ಸುಮಾರು ಒಂದೂವರೆ ಗಂಟೆಯಷ್ಟೇ ವ್ಯತ್ಯಾಸ. ಇವು ಮರಿ ಮಾಡುವ ಮಂಗೋಲಿಯಾದಲ್ಲಿ ಜೂನ್ ಹಗಲು 16 ಗಂಟೆಯವರೆಗೂ ಇರುತ್ತದೆ. ಎಳೆ ಹುಲ್ಲು ಹೇರಳ, ಮೇಯಲು ಸಮಯವೂ ಹೇರಳ. ಅಲ್ಲಿ, ಹಾಗೆಯೇ ಟಿಬೆಟ್, ಲಡಾಖ್‌ಗಳ ಕೆರೆಗಳಲ್ಲಿ, ನಾಲ್ಕರಿಂದ ಆರು ಮೊಟ್ಟೆಯಿಟ್ಟು ಹೆಣ್ಣು ಸುಮಾರು ನಾಲ್ಕು ವಾರ ಕಾವು ಕೂರುತ್ತದೆ. ಮರಿ ಹಾರಲು ಇನ್ನೂ ಏಳೆಂಟು ವಾರ ಬೇಕು. ನಡುವೆ ದೊಡ್ಡ ಹಕ್ಕಿಗಳೂ ರೆಕ್ಕೆಗರಿಗಳನ್ನು ಒಟ್ಟಿಗೆ ಉದುರಿಸಿಕೊಂಡು ಕೆಲವು ವಾರ ಹಾರಲಾರವು. ಅಲ್ಲಿನ ಬೇಸಿಗೆ ಚಿಕ್ಕದು, ತಡವಾಗಿ ತಲುಪಿದರೆ ಇಷ್ಟೆಲ್ಲ ಮುಗಿಯುವುದಿಲ್ಲ.

ಇವು ಎವರೆಸ್ಟ್ ಮೇಲೆ ಹಾರಿಹೋಗುತ್ತವೆ ಎನ್ನುವ ಮಾತನ್ನು ಹಾಗೇ ನಂಬಬೇಡಿ. ಉಪಗ್ರಹ ಟ್ರಾನ್ಸ್‌ಮೀಟರ್ ಕಟ್ಟಿ ಅಧ್ಯಯನ ಮಾಡಿ 2012ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ದಾಖಲಾದ ಅತಿ ಹೆಚ್ಚಿನ ಎತ್ತರ 7,290 ಮೀಟರ್. ಬಹುಪಾಲು ಹಾರಾಟ 5,500 ಮೀಟರಿಗಿಂತ ಕೆಳಗೆ, ಕಣಿವೆಗಳ ಜಾಡು ಹಿಡಿದು, ಹೆಚ್ಚಾಗಿ ರಾತ್ರಿ ಮತ್ತು ನಸುಕಿನಲ್ಲಿ. ತಣ್ಣನೆ ಗಾಳಿ ದಟ್ಟವಾಗಿರುತ್ತದೆ, ರೆಕ್ಕೆಗೆ ಆಸರೆ ಸಿಗುತ್ತದೆ, ಉಸಿರಿಗೆ ಆಮ್ಲಜನಕವೂ ಹೆಚ್ಚು. ಆದರೂ ಏಳೆಂಟು ಗಂಟೆಯಲ್ಲಿ ಹಿಮಾಲಯದ ಏರನ್ನು ರೆಕ್ಕೆ ಬಡಿದೇ ಹತ್ತಿಬಿಡುವುದು ಸಣ್ಣ ಸಂಗತಿಯಲ್ಲ.

ಆ ಏರಿಗೆ ಬೇಕಾದ ಕೊಬ್ಬು ಕೂಡುವುದು ಇಲ್ಲಿನ ಕೊಯ್ಲಾದ ಗದ್ದೆಗಳಲ್ಲಿ ಮತ್ತು ಕೆರೆಯಂಚಿನ ಹುಲ್ಲಿನಲ್ಲಿ. ರಾತ್ರಿ ಮೇದು, ಹಗಲು ಕೆರೆಯಲ್ಲಿ ಸುಧಾರಿಸಿಕೊಳ್ಳುತ್ತವೆ. ನಾವು ಕೆಡಿಸುವುದು ಈ ಹಗಲಿನ ವಿಶ್ರಾಂತಿಯನ್ನೇ. ಫೋಟೋಗೆಂದು ಹತ್ತಿರ ಹೋದಾಗ, ಡ್ರೋನ್ ಬಿಟ್ಟಾಗ, ನಾಯಿ ನುಗ್ಗಿದಾಗ ಇಡೀ ಹಿಂಡು ಏಳುತ್ತದೆ. ಎರಡು ಮೂರು ಕೆಜಿ ತೂಕದ ಹಕ್ಕಿಗೆ ನೀರಿನಿಂದ ಮೇಲೇಳುವುದೇ ದುಬಾರಿ. ಫೆಬ್ರವರಿಯಲ್ಲಿ ದಿನಕ್ಕೆ ನಾಲ್ಕು ಸಲ ಹೀಗಾದರೆ ಗದ್ದೆಯಲ್ಲಿ ತಿಂದದ್ದು ಇಲ್ಲೇ ಕರಗುತ್ತದೆ.

ಆದ್ದರಿಂದ ಕೆರೆ ಏರಿಯ ಮೇಲೇ ನಿಲ್ಲಿ. ಬೆಳಗ್ಗೆ ಏಳರ ಒಳಗೆ ತಲುಪಿ, ಸೂರ್ಯ ಬೆನ್ನಿಗಿರುವ ಕಡೆ ಜಾಗ ಹಿಡಿಯಿರಿ. 8×42 (ಎಂಟು ಪಟ್ಟು ಹಿಗ್ಗಿಸುವ, 42 ಮಿ.ಮೀ. ಮಸೂರದ) ಬೈನಾಕ್ಯುಲರ್ ಸಾಕು. ತಲೆಗಳು ಒಟ್ಟಿಗೆ ಮೇಲೆದ್ದು ಕತ್ತು ನೆಟ್ಟಗಾದರೆ ನೀವು ಹೆಚ್ಚು ಹತ್ತಿರ ಬಂದಿದ್ದೀರಿ ಎಂದರ್ಥ, ಅಲ್ಲಿಂದ ನಿಧಾನವಾಗಿ ಹಿಂದಕ್ಕೆ ಸರಿಯಿರಿ. ಕೆರೆ ಕೋಡಿ ಬೀಳುವಷ್ಟು ತುಂಬಿದ್ದರೆ ಹುಲ್ಲಿನಂಚು ಮುಳುಗಿರುತ್ತದೆ, ಆಗ ಸುತ್ತಲಿನ ಗದ್ದೆಗಳ ಕಡೆಯೂ ಕಣ್ಣಾಡಿಸಿ.

ಕೆಲವು ಹೆಬ್ಬಾತುಗಳ ಕತ್ತಿನಲ್ಲಿ ಅಕ್ಷರ, ಅಂಕಿಗಳಿರುವ ಪ್ಲಾಸ್ಟಿಕ್ ಪಟ್ಟಿ ಇರುತ್ತದೆ. ಸಂಶೋಧಕರು ಗುರುತಿಗೆಂದು ಮಂಗೋಲಿಯಾದಲ್ಲಿ ತೊಡಿಸಿದಂಥವು ಇಲ್ಲಿ ಕಂಡದ್ದಿದೆ. ಅದನ್ನು ಓದಲು ಹತ್ತಿರ ಹೋಗಬೇಡಿ, ದೂರದಿಂದಲೇ ಫೋಟೋ ತೆಗೆದು ಹಿಗ್ಗಿಸಿ ಓದಿ. ಪಟ್ಟಿಯ ಬಣ್ಣ, ಅಕ್ಷರ, ದಿನಾಂಕ, ಕೆರೆಯ ಹೆಸರು, ಹಿಂಡಿನಲ್ಲಿದ್ದ ಸಂಖ್ಯೆ, ಇಷ್ಟನ್ನೂ ಹಕ್ಕಿ ವೀಕ್ಷಕರು ತಾವು ಕಂಡದ್ದನ್ನು ದಾಖಲಿಸುವ ಇಬರ್ಡ್ (eBird) ಜಾಲತಾಣದಲ್ಲಿ ದಾಖಲಿಸಿ.