ಆಟದ ನಿಯಮ ಹುಟ್ಟಿಸಿದವರ ಊರಿನಲ್ಲಿ ಎರಡು ದಿನ

ಪ್ರಶ್ನೆ: ಮಗ ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಉದ್ಯೋಗದಲ್ಲಿರುವುದರಿಂದ ನಾನೂ ಯಜಮಾನರೂ ಬರುವ ಫೆಬ್ರವರಿಯಲ್ಲಿ ಅಲ್ಲಿಗೆ ಹೊರಟಿದ್ದೇವೆ. ಹತ್ತಿರದ ಲಾರೆನ್ಸ್ ಎಂಬ ವಿಶ್ವವಿದ್ಯಾಲಯದ ಊರಿನಲ್ಲಿ ಎರಡು ದಿನ ಇದ್ದು ಬನ್ನಿ ಎಂದು ಅವನು ಹೇಳುತ್ತಿದ್ದಾನೆ. ಯಜಮಾನರು ಕಾಲೇಜಿನ ದಿನಗಳಲ್ಲಿ ಬಾಸ್ಕೆಟ್‌ಬಾಲ್ ಆಡಿದವರು, ನಾನು ಇತಿಹಾಸದ ಅಧ್ಯಾಪಕಿಯಾಗಿ ನಿವೃತ್ತಳಾದವಳು. ಒಂದು ದಿನ ಅವರ ಆಟಕ್ಕೆ, ಇನ್ನೊಂದು ದಿನ ನನ್ನ ಇತಿಹಾಸಕ್ಕೆ ಎಂದು ಹಂಚಿಕೊಂಡರೆ ಸರಿಹೋದೀತೇ?

ಉತ್ತರ: ದಯವಿಟ್ಟು ಹಾಗೆ ಹಂಚಿಕೊಳ್ಳಬೇಡಿ. ಲಾರೆನ್ಸ್‌ನಲ್ಲಿ ಆಟವನ್ನೂ ಇತಿಹಾಸವನ್ನೂ ಬೇರೆ ಮಾಡಿ ನೋಡಿದವರಿಗೆ ಎರಡೂ ಅರ್ಧರ್ಧ ಮಾತ್ರ ಸಿಗುತ್ತವೆ.

ಮೊದಲು ಕಾನ್ಸಾಸ್ ವಿಶ್ವವಿದ್ಯಾಲಯದ ಆವರಣದಲ್ಲಿರುವ ಡಿಬ್ರೂಸ್ ಸೆಂಟರ್‌ಗೆ ಹೋಗಿ. 1891ರ ಡಿಸೆಂಬರಿನಲ್ಲಿ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಬಹುದಾದ ಬಾಸ್ಕೆಟ್‌ಬಾಲ್ ಆಟವನ್ನು ರೂಪಿಸಿ ಅದಕ್ಕೆ ಬರೆದ ಹದಿಮೂರು ನಿಯಮಗಳ ಮೂಲ ಪ್ರತಿ ಅಲ್ಲಿದೆ. ಇದೇ ಊರಿನಲ್ಲಿ ಬೆಳೆದ ಡೇವಿಡ್ ಬೂತ್ ಎಂಬವರು 2010ರ ಹರಾಜಿನಲ್ಲಿ ಸುಮಾರು 43 ಲಕ್ಷ ಡಾಲರ್ ಕೊಟ್ಟು ಆ ಎರಡು ಹಾಳೆಗಳನ್ನು ಕೊಂಡರು. ನೈಸ್ಮಿತ್ 1898ರಲ್ಲಿ ಲಾರೆನ್ಸ್‌ಗೆ ಬಂದು ವಿಶ್ವವಿದ್ಯಾಲಯದ ಮೊದಲ ತರಬೇತುದಾರರಾದರು. ಆಟವನ್ನು ಹುಟ್ಟಿಸಿದವರೇ ಆದರೂ ಅವರ ತಂಡ ಗೆದ್ದದ್ದು 55, ಸೋತದ್ದು 60. ಗೆಲುವಿಗಿಂತ ವಿದ್ಯಾರ್ಥಿಗಳ ದೇಹ, ನಡತೆಗಳು ಅವರಿಗೆ ಮುಖ್ಯವಾಗಿದ್ದವು ಎಂಬುದನ್ನು ಈ ಅಂಕಿಗಳ ಪಕ್ಕದಲ್ಲೇ ಇಟ್ಟು ನೋಡಬೇಕು. 1939ರಲ್ಲಿ ಅವರು ತೀರಿಕೊಂಡದ್ದೂ ಇಲ್ಲಿಯೇ; ಸಮಾಧಿ ಊರಿನ ಮೆಮೋರಿಯಲ್ ಪಾರ್ಕ್ ಸ್ಮಶಾನದಲ್ಲಿದೆ.

ಡಿಬ್ರೂಸ್ ಸೆಂಟರ್‌ಗೆ ಹೊಂದಿಕೊಂಡೇ 1955ರಲ್ಲಿ ತೆರೆದ ಅಲೆನ್ ಫೀಲ್ಡ್‌ಹೌಸ್ ಇದೆ. ಹಡಗುಗಳಿಗೆ ಮಂಜಿನಲ್ಲಿ ಎಚ್ಚರಿಕೆ ಕೊಡುವ ಕಹಳೆಯಂಥ ದನಿಯಿಂದಾಗಿ 'ಫಾಗ್' ಎಂದು ಹೆಸರಾದ, ನೈಸ್ಮಿತ್ ಅವರ ಶಿಷ್ಯರೇ ಆದ ತರಬೇತುದಾರ ಅಲೆನ್ ಅವರ ಗೌರವಾರ್ಥವಾಗಿ ಈ ಕ್ರೀಡಾಂಗಣಕ್ಕೆ ಆ ಹೆಸರು. ಒಳಗಿನ ಅಂಕಣಕ್ಕೆ ಗುರುವಿನ ಹೆಸರು. ಪಂದ್ಯಕ್ಕೆ ಮುಂಚೆ ಪ್ರೇಕ್ಷಕರೆಲ್ಲ ನಿಧಾನವಾಗಿ ಎಳೆದು ಹೇಳುವ 'ರಾಕ್ ಚಾಕ್, ಜೇಹಾಕ್' ಎಂಬ ಘೋಷ 1886ರಿಂದ ಬಂದದ್ದು. 2017ರಲ್ಲಿ ಇಲ್ಲಿನ ಪ್ರೇಕ್ಷಕರ ಸದ್ದು 130.4 ಡೆಸಿಬಲ್ ಮುಟ್ಟಿ ಗಿನ್ನೆಸ್ ದಾಖಲೆಯಾಯಿತು. ಕಿವಿ ಸೂಕ್ಷ್ಮವಾಗಿದ್ದರೆ ಹತ್ತಿ ಇಟ್ಟುಕೊಂಡು ಹೋಗುವುದು ಒಳ್ಳೆಯದು.

ಇಲ್ಲಿ ನಿಮ್ಮ ಯಜಮಾನರಿಗೆ ನೀವು ಹೇಳಬೇಕಾದ ಕಥೆಯೊಂದಿದೆ. ಜಾನ್ ಮೆಕ್‌ಲೆಂಡನ್ ಎಂಬ ಕಪ್ಪು ವರ್ಣೀಯ ವಿದ್ಯಾರ್ಥಿ 1930ರ ದಶಕದಲ್ಲಿ ಇಲ್ಲಿ ನೈಸ್ಮಿತ್ ಅವರಿಂದಲೇ ಆಟದ ವಿದ್ಯೆ ಕಲಿತರು. ಆದರೆ ವಿಶ್ವವಿದ್ಯಾಲಯದ ತಂಡ ಬಿಳಿಯರಿಗೆ ಮಾತ್ರ ಮೀಸಲಾಗಿದ್ದುದರಿಂದ ಅಂಕಣಕ್ಕೆ ಇಳಿಯುವ ಅವಕಾಶ ಅವರಿಗೆ ಸಿಗಲಿಲ್ಲ. 1936ರಲ್ಲಿ ಪದವಿ ಪಡೆದು ಹೊರಟ ಅವರು ಮುಂದೆ ಟೆನೆಸಿಯ ಕಾಲೇಜು ತಂಡವೊಂದಕ್ಕೆ 1957, 58, 59ರಲ್ಲಿ ಸತತ ಮೂರು ರಾಷ್ಟ್ರೀಯ ಪ್ರಶಸ್ತಿ ಗೆದ್ದುಕೊಟ್ಟರು. ಗುಲಾಮಗಿರಿಯ ವಿರುದ್ಧ ನಿಲ್ಲುವುದಕ್ಕೆಂದೇ ಕಟ್ಟಿದ ಊರಿನಲ್ಲಿ ಇದು ನಡೆಯಿತು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಮ್ಯಾಸಚೂಸೆಟ್ಸ್ ಸ್ಟ್ರೀಟ್‌ಗೆ ಬನ್ನಿ.

ಹೊಸ ಪ್ರಾಂತ್ಯದಲ್ಲಿ ಗುಲಾಮಗಿರಿ ಬೇಕೋ ಬೇಡವೋ ಎಂಬುದನ್ನು ಅಲ್ಲಿನ ನಿವಾಸಿಗಳೇ ತೀರ್ಮಾನಿಸಲಿ ಎಂದು 1854ರ ಕಾಯಿದೆ ಹೇಳಿದಾಗ, ಬೇಡವೆನ್ನುವವರ ಸಂಖ್ಯೆ ಹೆಚ್ಚಲೆಂದು ನ್ಯೂ ಇಂಗ್ಲೆಂಡಿನ ಸಂಘವೊಂದು ಜನರನ್ನು ಕಳಿಸಿ ಈ ಊರನ್ನು ನೆಲೆಗೊಳಿಸಿತು. ಮುಖ್ಯ ಬೀದಿಗೆ ಅವರ ತವರು ರಾಜ್ಯದ ಹೆಸರು ಬಂದದ್ದು ಹೀಗೆ. 1856ರ ಮೇ 21ರಂದು ಗುಲಾಮಗಿರಿಯ ಪಕ್ಷದವರು ನುಗ್ಗಿ ಫ್ರೀ ಸ್ಟೇಟ್ ಹೋಟೆಲನ್ನು ಸುಟ್ಟರು. ಅದೇ ಜಾಗದಲ್ಲಿ ಎದ್ದ ಎಲ್ಡ್ರಿಜ್ ಹೋಟೆಲು 1863ರ ಆಗಸ್ಟ್ 21ರ ಬೆಳಗ್ಗೆ ಮತ್ತೆ ಸುಟ್ಟುಹೋಯಿತು. ಅಂದು ಗುಲಾಮಗಿರಿಯ ಪಕ್ಷದ ಕ್ವಾಂಟ್ರಿಲ್ ಎಂಬವನ ಸುಮಾರು ನಾನೂರು ಸವಾರರು ಊರಿನ ನೂರೈವತ್ತರಷ್ಟು ಗಂಡಸರನ್ನೂ ಹುಡುಗರನ್ನೂ ಮನೆಯಂಗಳಗಳಲ್ಲಿಯೇ ಕೊಂದರು. ಅದೇ ಮೂಲೆಯಲ್ಲಿ ಇಂದಿಗೂ ಎಲ್ಡ್ರಿಜ್ ಹೆಸರಿನ ಹೋಟೆಲಿದೆ. 1888ರ ಬ್ಯಾಂಕ್ ಕಟ್ಟಡದಲ್ಲಿರುವ ವಾಟ್ಕಿನ್ಸ್ ವಸ್ತುಸಂಗ್ರಹಾಲಯದಲ್ಲಿ ಈ ವೃತ್ತಾಂತವನ್ನು ಸಾವಧಾನವಾಗಿ ಓದಿಕೊಂಡು, ಆಮೇಲೆ ಓಕ್ ಹಿಲ್ ಸ್ಮಶಾನಕ್ಕೆ ಹೋಗಿ. ಸತ್ತವರಿಗಾಗಿ 1895ರಲ್ಲಿ ನಿಲ್ಲಿಸಿದ ಕಲ್ಲು ಅಲ್ಲಿದೆ. ಒಂದೇ ಒಂದು ಸ್ಥಳಕ್ಕೆ ಹೊತ್ತಿರುವುದಾದರೆ ನಾನು ಆರಿಸುವುದು ಪಂದ್ಯವನ್ನಲ್ಲ, ಈ ಸ್ಮಶಾನದ ಗುಡ್ಡವನ್ನು.

ಎರಡನೆಯ ದಿನ ಹ್ಯಾಸ್ಕೆಲ್ ಇಂಡಿಯನ್ ನೇಷನ್ಸ್ ವಿಶ್ವವಿದ್ಯಾಲಯಕ್ಕೆ ಹೋಗುವುದನ್ನು ತಪ್ಪಿಸಬೇಡಿ. ಬುಡಕಟ್ಟುಗಳ ಮಕ್ಕಳನ್ನು ಅವರ ನುಡಿ, ನಡೆಗಳಿಂದ ಕಿತ್ತು ಬೇರೆ ಮಾಡುವ ವಸತಿ ಶಾಲೆಯಾಗಿ 1884ರಲ್ಲಿ ಅದು ಆರಂಭವಾಯಿತು. ಅಲ್ಲಿ ತೀರಿಕೊಂಡ ಮಕ್ಕಳ ಸಣ್ಣ ಸಮಾಧಿಗಳ ಸಾಲು ಆವರಣದಲ್ಲಿಯೇ ಇದೆ; ಅಲ್ಲಿ ಚಿತ್ರ ತೆಗೆಯದೆ ಸುಮ್ಮನೆ ನಿಂತು ಬರುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಈಗ ಅದು ಬುಡಕಟ್ಟುಗಳ ಯುವಜನರದೇ ವಿಶ್ವವಿದ್ಯಾಲಯ. 1964ರ ಟೋಕಿಯೊ ಒಲಿಂಪಿಕ್ಸ್‌ನ ಹತ್ತು ಸಾವಿರ ಮೀಟರ್ ಓಟದಲ್ಲಿ ಯಾರೂ ಎಣಿಸದಿದ್ದ ಚಿನ್ನ ಗೆದ್ದ ಲಕೋಟಾ ಜನಾಂಗದ ಬಿಲ್ಲಿ ಮಿಲ್ಸ್ ಮೊದಲು ಹ್ಯಾಸ್ಕೆಲ್‌ನಲ್ಲಿ, ಬಳಿಕ ಗುಡ್ಡದ ಮೇಲಿನ ಕಾನ್ಸಾಸ್ ವಿಶ್ವವಿದ್ಯಾಲಯದಲ್ಲಿ ಓದಿದವರು.

ಪ್ರಶ್ನೆ: ಪುರುಷರ ಪಂದ್ಯದ ಟಿಕೆಟ್ ಸಿಗುವುದು ಕಷ್ಟವಂತೆ. ಸಿಗದಿದ್ದರೆ ಆ ಅಂಕಣವನ್ನು ಹೊರಗಿನಿಂದಲೇ ನೋಡಿ ಬರಬೇಕೇ?

ಉತ್ತರ: ಮಹಿಳೆಯರ ತಂಡವೂ ಅದೇ ಅಂಕಣದಲ್ಲಿ ಆಡುತ್ತದೆ, ಅದರ ಟಿಕೆಟ್ ಸುಲಭವಾಗಿಯೂ ಅಗ್ಗವಾಗಿಯೂ ಸಿಗುತ್ತದೆ. ಅದನ್ನು ಎರಡನೆಯ ದರ್ಜೆಯದೆಂದು ಭಾವಿಸಬೇಡಿ. 1977ರಿಂದ 81ರವರೆಗೆ ಇಲ್ಲಿ ಆಡಿ 3,649 ಅಂಕ ಗಳಿಸಿದ ಲಿನೆಟ್ ವುಡರ್ಡ್ 1984ರಲ್ಲಿ ಒಲಿಂಪಿಕ್ ಚಿನ್ನ ಗೆದ್ದ ತಂಡದ ನಾಯಕಿಯಾಗಿದ್ದರು. ಮರುವರ್ಷ ಪ್ರದರ್ಶನ ಪಂದ್ಯಗಳಿಗೆ ಹೆಸರಾದ ಹಾರ್ಲೆಮ್ ಗ್ಲೋಬ್‌ಟ್ರಾಟರ್ಸ್ ತಂಡ ಸೇರಿದ ಮೊದಲ ಮಹಿಳೆಯೂ ಆದರು.

ಪ್ರಶ್ನೆ: ಫೆಬ್ರವರಿಯ ಚಳಿಯಲ್ಲಿ ಹೊರಗೆ ತಿರುಗಾಡುವುದು ಸಾಧ್ಯವೇ? ನನಗೆ ಮಂಡಿನೋವು ಇದೆ.

ಉತ್ತರ: ವಿಶ್ವವಿದ್ಯಾಲಯವು ಮೌಂಟ್ ಓರಿಯಡ್ ಎಂಬ ಏರಿನ ಮೇಲಿರುವುದರಿಂದ ಕಟ್ಟಡದಿಂದ ಕಟ್ಟಡಕ್ಕೆ ನಡೆಯುವುದು ನಿಮಗೆ ಆಯಾಸವಾದೀತು, ಮಗನ ಕಾರಿನಲ್ಲಿಯೇ ಹೋಗಿ. ಮಂಜುಗಡ್ಡೆ ಕಟ್ಟಿದ ಬೆಳಗ್ಗೆ ಆ ಇಳಿಜಾರುಗಳಲ್ಲಿ ಕಾಲಿಡಲೇಬೇಡಿ. ಅಂಥ ದಿನಕ್ಕೆ ಡೈಕ್ ಹಾಲ್‌ನ ನಿಸರ್ಗ ವಸ್ತುಸಂಗ್ರಹಾಲಯ ಹೇಳಿಮಾಡಿಸಿದಂತಿದೆ: 1893ರ ಚಿಕಾಗೋ ವಿಶ್ವಮೇಳದಲ್ಲಿ ತೋರಿಸಿದ್ದ ಪ್ರಾಣಿಗಳ ದೊಡ್ಡ ದೃಶ್ಯಾವಳಿಯೂ, 1876ರಲ್ಲಿ ಅಮೆರಿಕದ ಸೇನೆ ಬುಡಕಟ್ಟುಗಳಿಗೆ ಸೋತ ಲಿಟಲ್ ಬಿಗ್‌ಹಾರ್ನ್ ಕದನದಿಂದ ಬದುಕಿ ಬಂದ ಕಮಾಂಚಿ ಎಂಬ ಕುದುರೆಯ ಸಂರಕ್ಷಿತ ದೇಹವೂ ಅಲ್ಲಿವೆ.

ಬಿಸಿಲು ಬಂದರೆ ಊರಿನ ನೈಋತ್ಯಕ್ಕಿರುವ ಕ್ಲಿಂಟನ್ ಜಲಾಶಯಕ್ಕೆ ಹೋಗಿ. ದೋಣಿ, ಈಜುಗಳ ಕಾಲ ಅದಲ್ಲದಿದ್ದರೂ ಚಳಿಗಾಲದಲ್ಲಿ ಬಿಳಿತಲೆಯ ಹದ್ದುಗಳು ನೀರಿನ ಬಳಿ ಸೇರುತ್ತವೆ. ಕಾನ್ಸಾಸ್‌ನಿಂದ ಕಣ್ಮರೆಯಾಗಿದ್ದ ಈ ಹದ್ದುಗಳು 1989ರಲ್ಲಿ ಮರಳಿ ಗೂಡು ಕಟ್ಟಿದ್ದು ಈ ಜಲಾಶಯದಲ್ಲಿಯೇ. ಕಾರಿನ ಗಾಜು ಇಳಿಸಿ, ದುರ್ಬೀನು ಹಿಡಿದು ಕುಳಿತರೆ ನಿಮ್ಮ ಮಂಡಿಗಳಿಗೆ ಕೆಲಸವೇ ಇಲ್ಲ. ಬೆಳಗಿನ ಹೊತ್ತು ನೀರಿಗೆ ಹತ್ತಿರವಿರುವ ಎತ್ತರದ ಒಣ ಮರಗಳ ತುದಿಗಳನ್ನು ಮೊದಲು ನೋಡಿ.