ಬ್ರೆಕ್ಸಿಟ್ ಪರ ಮತ ಹಾಕಿದವರೆಲ್ಲ ವಲಸಿಗರ ದ್ವೇಷಿಗಳೇ? ಐರ್ಲೆಂಡಿನ ಶಾಂತಿ ಅವರಿಂದ ಕೆಟ್ಟಿತೇ?

ವಲಸಿಗರ ಮೇಲಿನ ದ್ವೇಷದಿಂದಲೇ ಜನ ಬ್ರೆಕ್ಸಿಟ್‌ಗೆ, ಅಂದರೆ ಬ್ರಿಟನ್ ಯುರೋಪಿಯನ್ ಒಕ್ಕೂಟದಿಂದ ಹೊರಬರುವುದಕ್ಕೆ, ಮತ ಹಾಕಿದರು, ಅದರಿಂದ ಐರ್ಲೆಂಡಿನ ಶಾಂತಿ ಮುರಿದುಬಿತ್ತು ಎಂದು ನಿಮ್ಮ ಸಹಪಾಠಿಗಳು ಹೇಳುತ್ತಾರೆ, ಅದು ನಿಜವೇ ಎಂದು ಕೇಳಿದ್ದೀರಿ. ನಾನು ಹಾಸನದ ಕಡೆಯವಳು. 2016ರ ಜೂನ್ 23ರಂದು, ಭಾರತದ ಪಾಸ್‌ಪೋರ್ಟನ್ನೇ ಇಟ್ಟುಕೊಂಡು ಇಂಗ್ಲೆಂಡಿನ ಸ್ಲೌ ಪಟ್ಟಣದಲ್ಲಿ ಯುರೋಪಿಯನ್ ಒಕ್ಕೂಟವನ್ನು ಬಿಡಬೇಕೆಂದು ಮತ ಹಾಕಿದವಳು. ಬ್ರಿಟನ್ನಿನಲ್ಲಿ ಕಾನೂನುಬದ್ಧವಾಗಿ ನೆಲೆಸಿದ್ದ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಿಗೆ ಆ ಜನಮತಗಣನೆಯಲ್ಲಿ ಹಕ್ಕಿತ್ತು; ಎಷ್ಟೋ ವರ್ಷಗಳಿಂದ ಅಲ್ಲೇ ತೆರಿಗೆ ಕಟ್ಟುತ್ತಿದ್ದ ಪೋಲೆಂಡಿನವರಿಗೆ ಇರಲಿಲ್ಲ. ದಕ್ಷಿಣ ಏಷ್ಯಾದವರು ದೊಡ್ಡ ಸಂಖ್ಯೆಯಲ್ಲಿರುವ ಸ್ಲೌನಲ್ಲಿ ಒಕ್ಕೂಟ ಬಿಡಬೇಕೆಂದವರು ಶೇಕಡಾ 54ರಷ್ಟಿದ್ದರು. ಹಾಗಾಗಿ ನಿಮ್ಮ ಪ್ರಶ್ನೆಯ ಮೊದಲ ಭಾಗವನ್ನೇ ನಾನು ಒಪ್ಪುವುದಿಲ್ಲ.

ನನ್ನ ಕಾರಣ ನನ್ನ ತಾಯಿ. ತಂದೆ ತೀರಿಕೊಂಡ ಮೇಲೆ ಅವರನ್ನು ನನ್ನ ಬಳಿ ಕರೆಸಿಕೊಳ್ಳಬೇಕೆಂದುಕೊಂಡಾಗ, ವಯಸ್ಸಾದ ತಂದೆತಾಯಿಯರ ವೀಸಾ ನಿಯಮಗಳನ್ನು 2012ರಲ್ಲಿ ಬಹುತೇಕ ಮುಚ್ಚಿದ ಬಾಗಿಲಿನಷ್ಟು ಬಿಗಿಗೊಳಿಸಿರುವುದು ತಿಳಿಯಿತು. ಪಕ್ಕದ ಮನೆಯ ಪೋಲಿಷ್ ಕುಟುಂಬದ ಅಜ್ಜಿ ಗುರುತಿನ ಚೀಟಿ ತೋರಿಸಿ ಬಂದು, ಬೇಕಾದಷ್ಟು ದಿನ ಇದ್ದು ಹೋಗುತ್ತಿದ್ದರು. ನನಗೆ ಅವರ ಮೇಲೆ ದ್ವೇಷವಿರಲಿಲ್ಲ, ಹೊಟ್ಟೆಕಿಚ್ಚಿತ್ತು. ಒಕ್ಕೂಟವನ್ನು ಬಿಟ್ಟರೆ ಯುರೋಪಿನವರಿಗೂ ಭಾರತದವರಿಗೂ ಒಂದೇ ನಿಯಮ ಬರುತ್ತದೆ, ಅಡುಗೆಯವರಿಗೆ ವೀಸಾ ಸಿಗದೆ ಮುಚ್ಚುತ್ತಿರುವ ಕರಿ ಹೋಟೆಲುಗಳು ಉಳಿಯುತ್ತವೆ ಎಂದು ಪ್ರಚಾರದವರು ನಮ್ಮಂಥವರಿಗೆ ಹೇಳುತ್ತಿದ್ದರು. ನಾನು ನಂಬಿದೆ.

ಎಡವಿದ್ದು ಎಲ್ಲಿ ಎಂಬುದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. ನನ್ನ ತಾಯಿಯನ್ನು ತಡೆದ ನಿಯಮವನ್ನು ಬರೆದದ್ದು ಒಕ್ಕೂಟದ ಕೇಂದ್ರವಾದ ಬ್ರಸೆಲ್ಸ್ ಅಲ್ಲ, ಬ್ರಿಟಿಷ್ ಸರ್ಕಾರವೇ. ಒಕ್ಕೂಟದಲ್ಲಿದ್ದಾಗಲೂ ಅದನ್ನು ಬದಲಾಯಿಸುವ ಅಧಿಕಾರ ಲಂಡನ್ನಿಗಿತ್ತು. ಬಿಟ್ಟ ಮೇಲೂ ಅದನ್ನು ಬದಲಾಯಿಸಲಿಲ್ಲ. 2021ರಿಂದ ಭಾರತದ ಕುಶಲ ಕೆಲಸಗಾರರು ಹೆಚ್ಚು ಸಂಖ್ಯೆಯಲ್ಲಿ ಬಂದದ್ದು ನಿಜ, ಅವರ ತಾಯಂದಿರು ಮಾತ್ರ ಊರಲ್ಲೇ ಉಳಿದರು. ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಗಡಿ ಎಂದರೆ ನನಗೆ ಹೀಥ್ರೂ ವಿಮಾನ ನಿಲ್ದಾಣದಲ್ಲಿ ನಿಲ್ಲುವ ಸಾಲು ಮಾತ್ರವಾಗಿತ್ತು. ಐರ್ಲೆಂಡ್ ದ್ವೀಪದ ಉತ್ತರ ಭಾಗ ಬ್ರಿಟನ್ನಿನದು, ಉಳಿದದ್ದು ಒಕ್ಕೂಟದಲ್ಲೇ ಇರುವ ಬೇರೆ ದೇಶ; ಇವೆರಡರ ನಡುವೆ ಸುಮಾರು 500 ಕಿಲೋಮೀಟರ್ ಉದ್ದದ ನೆಲದ ಗಡಿಯಿದೆ, ನನ್ನ ಮತ ಅದರ ಮೇಲೂ ಬೀಳುತ್ತದೆ ಎಂಬ ಯೋಚನೆಯೇ ಹೊಳೆಯಲಿಲ್ಲ. ಮತದಾನಕ್ಕೆ ಎರಡು ವಾರ ಮುಂಚೆ ಮಾಜಿ ಪ್ರಧಾನಿಗಳಾದ ಜಾನ್ ಮೇಜರ್ ಮತ್ತು ಟೋನಿ ಬ್ಲೇರ್ ಜೊತೆಯಾಗಿ ಉತ್ತರ ಐರ್ಲೆಂಡಿನ ಡೆರಿ ನಗರಕ್ಕೆ ಹೋಗಿ ಇದನ್ನೇ ಎಚ್ಚರಿಸಿದ್ದರು. ಸುದ್ದಿ ನೋಡಿದ್ದೆ, ಇನ್ಯಾರದೋ ಊರಿನ ತಂಟೆ ಎಂದುಕೊಂಡು ಬಿಟ್ಟಿದ್ದೆ.

ಬಿಡಬೇಕೆಂದ ಒಂದು ಕೋಟಿ ಎಪ್ಪತ್ತನಾಲ್ಕು ಲಕ್ಷ ಜನರಲ್ಲಿ ಬಹುಪಾಲಿನವರು ನನ್ನ ಹಾಗೆಯೇ ಐರ್ಲೆಂಡನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಮತದಾನದ ದಿನವೇ ಲಾರ್ಡ್ ಆಶ್‌ಕ್ರಾಫ್ಟ್ ನಡೆಸಿದ ಸಮೀಕ್ಷೆಯಲ್ಲಿ, ಬ್ರಿಟನ್ನಿನ ನಿರ್ಧಾರಗಳು ಬ್ರಿಟನ್ನಿನಲ್ಲೇ ಆಗಬೇಕು ಎಂಬುದನ್ನು ಮುಖ್ಯ ಕಾರಣವೆಂದವರು ಬಿಡಬೇಕೆಂದು ಮತ ಹಾಕಿದವರಲ್ಲಿ ಶೇಕಡಾ 49. ವಲಸೆ ಮತ್ತು ಗಡಿಯ ಹಿಡಿತ ಎಂದವರು ಶೇಕಡಾ 33. ವಲಸೆಯ ಸಿಟ್ಟು ಇರಲೇ ಇಲ್ಲ ಎಂದು ನಾನು ಹೇಳುತ್ತಿಲ್ಲ. 2004ರಲ್ಲಿ ಪೂರ್ವ ಯುರೋಪಿನ ದೇಶಗಳು ಒಕ್ಕೂಟ ಸೇರಿದ ಕೂಡಲೇ ಬ್ರಿಟನ್ ತನ್ನ ಕೆಲಸದ ಮಾರುಕಟ್ಟೆಯನ್ನು ತೆರೆದಿಟ್ಟಿತು; ಹೊಲಗಳಿಗೂ ತರಕಾರಿ ಪ್ಯಾಕಿಂಗ್ ಶೆಡ್ಡುಗಳಿಗೂ ಅಲ್ಲಿಂದ ಜನ ಬಂದ ಲಿಂಕನ್‌ಷೈರಿನ ಬೋಸ್ಟನ್ ಪಟ್ಟಣದಲ್ಲಿ ಶೇಕಡಾ 75ಕ್ಕಿಂತ ಹೆಚ್ಚು ಜನ ಬಿಡಬೇಕೆಂದರು. 2010ರ ನಂತರ ಸರ್ಕಾರ ಖರ್ಚಿಗೆ ಕತ್ತರಿ ಹಾಕಿ, ಗ್ರಂಥಾಲಯಗಳು ಮುಚ್ಚಿ, ಆಸ್ಪತ್ರೆಗಳ ಸಾಲು ಬೆಳೆದಾಗ, ಅದರ ಕೋಪವೂ ವಲಸೆಯ ಲೆಕ್ಕಕ್ಕೇ ಸೇರಿತು.

2018ರಲ್ಲಿ ಯಜಮಾನರಿಗೆ ಬೆಲ್‌ಫಾಸ್ಟಿನ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿ ಉತ್ತರ ಐರ್ಲೆಂಡಿಗೆ ಬಂದೆವು. ಅಲ್ಲಿ ಶೇಕಡಾ 55.8 ಜನ ಒಕ್ಕೂಟದಲ್ಲೇ ಉಳಿಯಬೇಕೆಂದಿದ್ದರು. ನಾನು ಒಂದು ಸಣ್ಣ ಭಾರತೀಯ ದಿನಸಿ ಅಂಗಡಿ ತೆರೆದೆ. ತುಪ್ಪ, ಪನೀರ್, ಬೇಳೆ, ಮಸಾಲೆ ಎಲ್ಲವೂ ಇಂಗ್ಲೆಂಡಿನ ಒಬ್ಬ ಸಗಟು ವ್ಯಾಪಾರಿಯಿಂದ ಬರುತ್ತಿತ್ತು. ಗಡಿಯ ಪ್ರಶ್ನೆ ನನಗೆ ಅರ್ಥವಾದದ್ದು ಅಲ್ಲಿನ ಗಿರಾಕಿಗಳಿಂದ. ಉತ್ತರ ಭಾಗ ಐರ್ಲೆಂಡಿಗೆ ಸೇರಬೇಕೋ ಬ್ರಿಟನ್ನಿನಲ್ಲೇ ಉಳಿಯಬೇಕೋ ಎಂಬ ಜಗಳದಲ್ಲಿ ಮೂವತ್ತು ವರ್ಷ ನಡೆದ ಹಿಂಸೆಯಲ್ಲಿ 3,500ಕ್ಕೂ ಹೆಚ್ಚು ಜನ ಸತ್ತಿದ್ದರು. ಗಡಿಯ ಸಣ್ಣ ರಸ್ತೆಗಳನ್ನು ಸೈನ್ಯ ಕಾಂಕ್ರೀಟ್ ದಿಮ್ಮಿ ಇಟ್ಟು ಮುಚ್ಚಿತ್ತು, ಗುಡ್ಡಗಳ ಮೇಲೆ ಕಾವಲು ಗೋಪುರಗಳಿದ್ದವು. 1993ರಲ್ಲಿ ಒಕ್ಕೂಟದ ದೇಶಗಳ ನಡುವೆ ಸರಕಿಗೆ ಗಡಿ ತಡೆಯಿಲ್ಲದ ಏಕ ಮಾರುಕಟ್ಟೆ ಬಂದು ಸುಂಕದ ಕಟ್ಟೆಗಳು ಹೋದವು, ಹಿಂಸೆಗೆ ತೆರೆ ಎಳೆದ 1998ರ ಗುಡ್ ಫ್ರೈಡೇ ಶಾಂತಿ ಒಪ್ಪಂದದ ನಂತರ ಸೈನ್ಯದ ಗೋಪುರಗಳೂ ಹೋದವು. ಉತ್ತರದಲ್ಲಿ ಹುಟ್ಟಿದವರು ತಮ್ಮನ್ನು ಬ್ರಿಟಿಷರೆಂದಾದರೂ ಐರಿಷರೆಂದಾದರೂ ಎರಡೂ ಎಂದಾದರೂ ಕರೆದುಕೊಳ್ಳಬಹುದೆಂದು ಆ ಒಪ್ಪಂದ ಹೇಳಿತು. ಎರಡೂ ದೇಶಗಳು ಒಂದೇ ಒಕ್ಕೂಟದಲ್ಲಿದ್ದುದರಿಂದ ಆ ಮಾತನ್ನು ದಿನನಿತ್ಯ ಪರೀಕ್ಷೆಗೊಡ್ಡುವ ಪ್ರಸಂಗ ಬರಲಿಲ್ಲ.

ಬ್ರಿಟನ್ ಏಕ ಮಾರುಕಟ್ಟೆಯನ್ನೂ ಬಿಟ್ಟ ಮೇಲೆ ಸರಕಿನ ತಪಾಸಣೆ ಎಲ್ಲಾದರೂ ಆಗಲೇಬೇಕಿತ್ತು. ನೆಲದ ಗಡಿಯಲ್ಲಿ ಮಾಡಿದರೆ ಐರ್ಲೆಂಡ್ ಒಂದಾಗಬೇಕೆನ್ನುವ ನ್ಯಾಷನಲಿಸ್ಟರಿಗೆ ದ್ರೋಹ, ಉತ್ತರ ಐರ್ಲೆಂಡಿಗೂ ಬ್ರಿಟನ್ನಿನ ಉಳಿದ ಭಾಗಕ್ಕೂ ನಡುವಿನ ಸಮುದ್ರದಲ್ಲಿ ಮಾಡಿದರೆ ಬ್ರಿಟನ್ನಿನೊಂದಿಗೇ ಇರಬೇಕೆನ್ನುವ ಯೂನಿಯನಿಸ್ಟರಿಗೆ ದ್ರೋಹ. 2019ರ ಅಕ್ಟೋಬರಿನಲ್ಲಿ ಆಗಿನ ಪ್ರಧಾನಿ ಬೋರಿಸ್ ಜಾನ್ಸನ್ ಸಮುದ್ರದ ಗಡಿಯನ್ನು ಒಪ್ಪಿಕೊಂಡರು. ಮರುತಿಂಗಳೇ ಉತ್ತರ ಐರ್ಲೆಂಡಿನ ವ್ಯಾಪಾರಿಗಳೆದುರು, ಯಾರಾದರೂ ಫಾರಂ ಕೇಳಿದರೆ ಕಸದ ಬುಟ್ಟಿಗೆ ಹಾಕಿ ಎಂದರು. ಆ ಮಾತನ್ನು ಹಿಡಿದುಕೊಂಡು ನಾನು ಗಡಿಯಾಚೆಯ ಐರ್ಲೆಂಡಿನ ರಾಜಧಾನಿ ಡಬ್ಲಿನ್ನಿನಲ್ಲಿ ಬೇರೆ ಸಗಟುದಾರರನ್ನು ಹುಡುಕಲಿಲ್ಲ.

2021ರ ಜನವರಿಯಲ್ಲಿ ಹಾಲಿನ ಪದಾರ್ಥಗಳಿಗೆ ಪಶುವೈದ್ಯರು ಸಹಿ ಮಾಡಿದ ಪ್ರಮಾಣಪತ್ರದ ನಿಯಮ ಬಂತು. ದೊಡ್ಡ ಸೂಪರ್‌ಮಾರ್ಕೆಟ್‌ಗಳಿಗೆ ರಿಯಾಯಿತಿ ಅವಧಿ ಸಿಕ್ಕಿತು, ನನ್ನ ಸಗಟು ವ್ಯಾಪಾರಿ ಆ ಪಟ್ಟಿಯಲ್ಲಿರಲಿಲ್ಲ. ಸಣ್ಣವರ ಸರಕು ಹತ್ತಾರು ಅಂಗಡಿಗಳ ಸರಕಿನೊಂದಿಗೆ ಒಂದೇ ಲಾರಿಯಲ್ಲಿ ಬರುತ್ತದೆ. ಒಬ್ಬನ ಕಾಗದ ತಪ್ಪಿದರೆ ಇಡೀ ಲಾರಿ ನಿಲ್ಲುತ್ತದೆ. ಕೆಲವೇ ವಾರಗಳಲ್ಲಿ ಅವರು ಸಮುದ್ರದಾಚೆಗೆ ಕಳುಹಿಸುವುದನ್ನೇ ನಿಲ್ಲಿಸಿದರು. ಖಾಲಿ ಕಪಾಟು ನೋಡಿ ಗಿರಾಕಿಗಳು ಹೋದರು, ಬಾಡಿಗೆಗೆ ಉಳಿತಾಯ ಕರಗಿತು. ಕೊನೆಗೆ ಡಬ್ಲಿನ್ನಿನಿಂದ ತರಿಸಿದೆ. ಪನೀರು ಯಾವ ತಡೆಯೂ ಇಲ್ಲದೆ ಗಡಿ ದಾಟಿ ಬಂತು. ಅದನ್ನು ಆರಿಸಲು ನಾನು ಡಬ್ಲಿನ್ನಿಗೆ ಹೋಗಬೇಕೆಂದರೆ, ಭಾರತದ ಪಾಸ್‌ಪೋರ್ಟಿನವಳಾದ್ದರಿಂದ ಐರಿಷ್ ವೀಸಾ ಬೇಕಿತ್ತು. (ಇದು ಬ್ರೆಕ್ಸಿಟ್‌ನ ಫಲವಲ್ಲ, ಮೊದಲೂ ಹಾಗೇ ಇತ್ತು. ರಸ್ತೆಯಲ್ಲಿ ಯಾರೂ ತಡೆಯುವುದಿಲ್ಲವೆಂದು ವೀಸಾ ಇಲ್ಲದೆ ಹೋಗುವ ನಮ್ಮವರಿದ್ದಾರೆ. ನೀವು ಹಾಗೆ ಹೋಗಬೇಡಿ.)

ಶಾಂತಿ ಮುರಿದುಬಿತ್ತೇ ಎಂದರೆ, ಇಲ್ಲ. 2021ರ ಫೆಬ್ರವರಿಯಲ್ಲಿ ಬಂದರಿನ ತಪಾಸಣಾ ಸಿಬ್ಬಂದಿಗೆ ಗೋಡೆಬರಹದ ಬೆದರಿಕೆ ಬಂದು ಬೆಲ್‌ಫಾಸ್ಟ್ ಮತ್ತು ಲಾರ್ನ್‌ನಲ್ಲಿ ಕೆಲ ತಪಾಸಣೆಗಳು ನಿಂತವು. ಏಪ್ರಿಲಿನಲ್ಲಿ ಬೆಲ್‌ಫಾಸ್ಟಿನಲ್ಲಿ ಎರಡು ಸಮುದಾಯಗಳ ಬಡಾವಣೆಗಳನ್ನು ಬೇರ್ಪಡಿಸುವ ಶಾಂತಿ ಗೋಡೆಯ ಎರಡೂ ಬದಿಯಿಂದ ಪೆಟ್ರೋಲ್ ಬಾಂಬುಗಳು ಹಾರಿದವು, ಒಂದು ಬಸ್ಸು ಸುಟ್ಟಿತು. ಹಳೆಯ ಯುದ್ಧ ಮಾತ್ರ ಮರಳಲಿಲ್ಲ. ಕೆಟ್ಟದ್ದು ಆಡಳಿತ. 2022ರ ಫೆಬ್ರವರಿಯಲ್ಲಿ ಯೂನಿಯನಿಸ್ಟರ ಡಿಯುಪಿ ಪಕ್ಷ ಸಮುದ್ರದ ಗಡಿಯನ್ನು ವಿರೋಧಿಸಿ ಉತ್ತರ ಐರ್ಲೆಂಡಿನ ಸರ್ಕಾರದಿಂದ ಹೊರಬಂತು. ಒಂದು ಕಡೆಯವರು ಬಿಟ್ಟರೆ ಇನ್ನೊಂದು ಕಡೆಯವರೂ ಆಳಲಾಗದ ವ್ಯವಸ್ಥೆ ಅದಾದ್ದರಿಂದ ಎರಡು ವರ್ಷ ಪೂರ್ಣ ಮಂತ್ರಿಮಂಡಲವೇ ಇರಲಿಲ್ಲ. ಬ್ರಿಟನ್ ಮತ್ತು ಒಕ್ಕೂಟದ ನಡುವಿನ 2023ರ ವಿಂಡ್ಸರ್ ಒಪ್ಪಂದ ಕಾಗದಪತ್ರಗಳನ್ನು ಕಡಿಮೆ ಮಾಡಿತು, ಗಡಿಯನ್ನು ಸಮುದ್ರದಿಂದ ಎತ್ತಲಿಲ್ಲ.

ನಿಮ್ಮ ಸಹಪಾಠಿಗಳು ಗಮನಿಸಬೇಕಾದದ್ದು 2024ರ ಡಿಸೆಂಬರ್ ಎಂದು ನನಗನ್ನಿಸುತ್ತದೆ. ಈ ವ್ಯವಸ್ಥೆ ಮುಂದುವರಿಯಬೇಕೇ ಎಂದು ಉತ್ತರ ಐರ್ಲೆಂಡಿನ ಸ್ಟೋರ್ಮಾಂಟ್ ವಿಧಾನಸಭೆ ಮತ ಹಾಕಿತು: ಪರವಾಗಿ 48, ವಿರುದ್ಧ 36, ಮತ್ತು ಪರವಾದವರಲ್ಲಿ ಒಬ್ಬ ಯೂನಿಯನಿಸ್ಟನೂ ಇಲ್ಲ. ಸೂಕ್ಷ್ಮ ವಿಷಯಗಳಲ್ಲಿ ಎರಡೂ ಸಮುದಾಯಗಳ ಒಪ್ಪಿಗೆ ಬೇಕೆಂಬುದು 1998ರ ಒಪ್ಪಂದದ ಜೀವಾಳ. ಇದೊಂದನ್ನು ಮಾತ್ರ ಬರೀ ಬಹುಮತದಿಂದ ತೀರ್ಮಾನಿಸಲು ಬಿಟ್ಟರು. ಒಂದೇ ಕಡೆಯ ಬೆಂಬಲವಾದ್ದರಿಂದ ಎಂಟು ವರ್ಷದ ಬದಲು ನಾಲ್ಕೇ ವರ್ಷಕ್ಕೆ ಅನುಮತಿ ಸಿಕ್ಕಿದೆ, ಮತ್ತೆ 2028ರಲ್ಲಿ ಅದೇ ಮತದಾನ. ಅಲ್ಲಿ ಮತ ಹಾಕುವವರು ಶಾಸಕರು; ಅವರನ್ನು ಆರಿಸುವ ಚುನಾವಣೆಯ ಹೊತ್ತಿಗೆ ನೀವು ಉತ್ತರ ಐರ್ಲೆಂಡಿನಲ್ಲಿದ್ದರೆ, ಮತದಾರರ ಪಟ್ಟಿಗೆ ಹೆಸರು ಸೇರಿಸಿಕೊಳ್ಳಲು ನಿಮಗೂ ಕಾಮನ್‌ವೆಲ್ತ್ ಪ್ರಜೆಯ ಹಕ್ಕಿದೆ.