ಸಿಗ್ನಲ್ ಇದೆ, ಕಾಲ್ ಮಾತ್ರ ತುಂಡಾಗುತ್ತದೆ: ನೆಟ್‌ವರ್ಕ್ ಬದಲಿಸಬೇಕಾ?

ಪ್ರಶ್ನೆ: ನನ್ನ ಫೋನು ಬೇರೆ ದೇಶದಲ್ಲಿ ಕೊಂಡಿದ್ದು, ಯಾವ ಕಂಪನಿಯ ಸಿಮ್‌ಗೂ ಲಾಕ್ ಆಗಿಲ್ಲ. ನಾನು ಹಾಕಿರುವ ಸಿಮ್ ಕಂಪನಿ ಒಪ್ಪುವ ಫೋನುಗಳ ಪಟ್ಟಿಯಲ್ಲಿ ಈ ಮಾಡೆಲ್ ಇಲ್ಲ, ಆದರೂ ಒಂದೂವರೆ ವರ್ಷದಿಂದ ಬಳಸುತ್ತಿದ್ದೇನೆ. ಇಂಟರ್ನೆಟ್ ಚೆನ್ನಾಗಿದೆ. ಆದರೆ ಕಾಲ್ ಬಂದ ಕೂಡಲೇ 4ಜಿ ಹೋಗಿಬಿಡುತ್ತದೆ, ಮನೆ ಒಳಗೆ ಮಾತು ತುಂಡಾಗುತ್ತದೆ, ವೈಫೈ ಕಾಲಿಂಗ್ ಅನ್ನುವ ಆಯ್ಕೆಯೇ ಕಾಣುವುದಿಲ್ಲ. ಕಸ್ಟಮರ್ ಕೇರ್‌ಗೆ ಕೇಳಿದರೆ ‘ಆ ಫೋನಿಗೆ ನಮ್ಮ ಸಪೋರ್ಟ್ ಇಲ್ಲ’ ಅನ್ನುತ್ತಾರೆ. ಈ ಮಾಡೆಲನ್ನು ಒಪ್ಪುವ ಇನ್ನೊಂದು ನೆಟ್‌ವರ್ಕ್ ಇದೆ, ಆದರೆ ದುಬಾರಿ. ಹೋಗಲಾ, ಹೀಗೇ ಇರಲಾ?

ಉತ್ತರ: ಮೊದಲು ಒಂದು ಕೆಲಸ ಮಾಡಿ. ಮನೆಯವರ ಯಾರದಾದರೂ ನಂಬರಿಗೆ ಕಾಲ್ ಮಾಡಿ, ಫೋನನ್ನು ಕಿವಿಗೆ ಇಡದೆ ಸ್ಪೀಕರ್ ಹಾಕಿ, ಪರದೆಯ ಮೇಲಿನ ಮೂಲೆಯನ್ನೇ ನೋಡುತ್ತಾ ಇರಿ. ರಿಂಗ್ ಆಗುವ ಮೊದಲೇ 4ಜಿ ಹೋಗಿ 3ಜಿಗೋ 2ಜಿಗೋ ಇಳಿಯುತ್ತದಾ? ಕಾಲ್ ಹತ್ತಲು ಐದಾರು ಸೆಕೆಂಡ್ ಹಿಡಿಯುತ್ತದಾ? ಹಾಗಿದ್ದರೆ ನಿಮ್ಮ ಫೋನು ಕೆಟ್ಟಿಲ್ಲ, ಸಿಮ್ಮೂ ಕೆಟ್ಟಿಲ್ಲ. ನಿಮ್ಮ ಮಾತು 4ಜಿಯಲ್ಲಿ ಹೋಗುತ್ತಲೇ ಇಲ್ಲ.

4ಜಿ ಮಾಡಿದ್ದೇ ಡೇಟಾಗೆ. 2ಜಿ, 3ಜಿಯಲ್ಲಿ ಕಾಲ್‌ಗೆಂದೇ ಬೇರೆ ದಾರಿ ಇತ್ತು. 4ಜಿಯಲ್ಲಿ ಅದಿಲ್ಲ, ಮಾತನ್ನೂ ಡೇಟಾದ ಹಾಗೆಯೇ ಕಳಿಸಬೇಕು. ಇದಕ್ಕೇ ವೋಲ್ಟೆ ಅನ್ನುವುದು. ವೋಲ್ಟೆ ನಡೆಯದ ಫೋನಿಗೆ ಕಾಲ್ ಬಂದರೆ ನೆಟ್‌ವರ್ಕ್ ಆ ಫೋನನ್ನು ಹಳೇ ದಾರಿಗೆ ಇಳಿಸಿ ಮಾತಾಡಿಸುತ್ತದೆ, ಮಾತು ಮುಗಿದ ಮೇಲೆ ಮತ್ತೆ 4ಜಿಗೆ ಕರೆದುಕೊಳ್ಳುತ್ತದೆ. ನಿಮ್ಮ ಮನೆ ಒಳಗೆ 4ಜಿ ಸಿಗುತ್ತದೆ, ಹಳೇ ಸಿಗ್ನಲ್ ಸಿಗುವುದಿಲ್ಲ, ಹಾಗಾಗಿ ಇಳಿದ ಮೇಲೆ ನಿಲ್ಲಲು ನೆಲವೇ ಇರುವುದಿಲ್ಲ. ಮಾತು ತುಂಡಾಗುವುದು ಅಲ್ಲೇ.

‘ಫೋನಿನಲ್ಲಿ ವೋಲ್ಟೆ ಇದೆ ಅಂತ ಡಬ್ಬದ ಮೇಲೇ ಬರೆದಿದೆಯಲ್ಲ’ ಅಂತ ನೀವು ಕೇಳಬಹುದು. ಇದೆ, ನಿಜ. ಆದರೆ ಒಂದೊಂದು ಕಂಪನಿಯ ವೋಲ್ಟೆಗೂ ಅದರದೇ ಸೆಟ್ಟಿಂಗ್ ಇರುತ್ತದೆ, ಅದು ಒಂದು ಸಣ್ಣ ಫೈಲ್ ಆಗಿ ಫೋನಿನೊಳಗೆ ಬಂದು ಕೂರಬೇಕು. ಐಫೋನ್‌ನಲ್ಲಿ ಸೆಟ್ಟಿಂಗ್ಸ್, ಜನರಲ್, ಅಬೌಟ್ ಅಂತ ಹೋದರೆ ಕ್ಯಾರಿಯರ್ ಹೆಸರಿನ ಪಕ್ಕ ಒಂದು ನಂಬರ್ ಕಾಣುತ್ತದಲ್ಲ, ಅದು ಆ ಫೈಲಿನದೇ ಆವೃತ್ತಿ. ಆಂಡ್ರಾಯ್ಡ್‌ನಲ್ಲಿ ಇಂಥದೇ ಫೈಲ್‌ಗಳು ಮೋಡೆಮ್‌ನ, ಅಂದರೆ ನೆಟ್‌ವರ್ಕ್ ಹಿಡಿಯುವ ಚಿಪ್‌ನ ಜೊತೆ ಇರುತ್ತವೆ. ನಿಮ್ಮ ಕಂಪನಿಯದು ಇಲ್ಲದಿದ್ದರೆ ಫೋನು ಯಾವುದೋ ಸಾಮಾನ್ಯ ಸೆಟ್ಟಿಂಗ್ ಹಿಡಿದುಕೊಂಡು ಕೆಲಸ ಮಾಡುತ್ತದೆ. ಡೇಟಾಗೆ ಅಷ್ಟು ಸಾಕು, ಮಾತಿಗೆ ಸಾಲದು. ವೈಫೈ ಕಾಲಿಂಗ್ ಕೂಡ ಇದೇ ಫೈಲನ್ನು ನೆಚ್ಚಿಕೊಂಡಿದೆ, ಅದಕ್ಕೇ ನಿಮಗೆ ಆ ಆಯ್ಕೆಯೇ ಕಾಣುತ್ತಿಲ್ಲ.

ಇದು ಫೋನಿನ ಕಡೆಯ ಕಥೆ. ಕಂಪನಿಯ ಕಡೆಯೂ ಒಂದು ಪಟ್ಟಿ ಇರಬಹುದು. *#06# ಒತ್ತಿದರೆ 15 ಅಂಕಿಯ ಐಎಂಇಐ, ಅಂದರೆ ಫೋನಿನ ಗುರುತಿನ ನಂಬರ್ ಬರುತ್ತದೆ, ಅದರ ಮೊದಲ 8 ಅಂಕಿ ನೋಡಿದರೆ ಯಾವ ಕಂಪನಿಯ ಯಾವ ಮಾಡೆಲ್ ಅಂತ ನೆಟ್‌ವರ್ಕ್‌ಗೆ ಗೊತ್ತಾಗುತ್ತದೆ. ಆ 8 ಅಂಕಿ ಪಟ್ಟಿಯಲ್ಲಿ ಇಲ್ಲದಿದ್ದರೆ ಕೆಲವು ಕಂಪನಿಗಳು ವೋಲ್ಟೆ ಕೊಡುವುದೇ ಇಲ್ಲ. ಒಂದೇ ಹೆಸರಿನ ಫೋನು ಒಂದು ದೇಶದಲ್ಲಿ ಕೊಂಡರೆ ಪಟ್ಟಿಯಲ್ಲಿ ಇರುತ್ತದೆ, ಇನ್ನೊಂದು ದೇಶದಲ್ಲಿ ಕೊಂಡರೆ ಇರುವುದಿಲ್ಲ, ಯಾಕೆಂದರೆ ಒಳಗಿನ ಮಾಡೆಲ್ ನಂಬರ್ ಬೇರೆ. ಕಸ್ಟಮರ್ ಕೇರ್‌ನವರ ಮೇಲೆ ಸುಮ್ನೆ ಸಿಟ್ಟಾಗಬೇಡಿ, ಆ ಪಟ್ಟಿ ಅವರ ಕೈಯಲ್ಲಿ ಇರುವುದಿಲ್ಲ. ಲಾಕ್ ಇಲ್ಲ ಅಂದರೆ ಬಾಗಿಲು ತೆಗೆದಿದೆ ಅಂತ ಅಷ್ಟೇ, ಒಳಗೆ ನಿಮಗೆ ಹಾಸಿಗೆ ಹಾಸಿದ್ದಾರೆ ಅಂತ ಅಲ್ಲ.

ನಾನೂ ಎರಡು ವರ್ಷ ಹೀಗೇ ಇದ್ದೆ. ಇಂಟರ್ನೆಟ್ ಇದೆ, ವಾಟ್ಸಾಪ್ ಇದೆ, ಇನ್ನೇನು ಬೇಕು ಅಂದುಕೊಂಡಿದ್ದೆ. ಒಂದು ರಾತ್ರಿ ಅಪ್ಪನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ನೆಲಮಾಳಿಗೆಯಲ್ಲಿ ಸ್ಕ್ಯಾನಿಂಗ್ ಕೋಣೆಯ ಹೊರಗೆ ಕೂತಿದ್ದೆ. ಫೋನಿನಲ್ಲಿ 4ಜಿ ಎರಡು ಕಡ್ಡಿ ಇತ್ತು. ಅಕ್ಕನಿಗೆ ಕಾಲ್ ಒತ್ತಿದರೆ ಎರಡೂ ಕಡ್ಡಿ ಹೋಗಿ ‘ಸೇವೆ ಇಲ್ಲ’ ಅಂತ ಬರುತ್ತಿತ್ತು, ಕಟ್ ಮಾಡಿದರೆ ಸ್ವಲ್ಪ ಹೊತ್ತಿಗೆ ಅದೇ ಎರಡು ಕಡ್ಡಿ ವಾಪಸ್. ನಾಲ್ಕು ಸಲ ಹೀಗೇ ಆಯಿತು. ಪಕ್ಕದಲ್ಲಿದ್ದವರು ತಮ್ಮ ಫೋನು ಕೊಟ್ಟರು, ಅವರದೂ ಅದೇ ನೆಟ್‌ವರ್ಕ್, ಒಂದೇ ಸಲಕ್ಕೆ ಕಾಲ್ ಹೋಯಿತು. ಆ ವಾರವೇ ನಾನು ನೆಟ್‌ವರ್ಕ್ ಬದಲಿಸಿದೆ. ಹಾಗಾಗಿ ಈ ವಿಷಯದಲ್ಲಿ ನನ್ನ ಮನಸ್ಸು ಒಂದು ಕಡೆ ವಾಲಿದೆ ಅಂತ ತಿಳಿದುಕೊಂಡೇ ಮುಂದೆ ಓದಿ.

ಇನ್ನೊಂದು ಕಾರಣವೂ ಇದೆ. ಆ ಹಳೇ ದಾರಿಯನ್ನೇ ಜಗತ್ತಿನಾದ್ಯಂತ ಮುಚ್ಚುತ್ತಿದ್ದಾರೆ. ಅಮೆರಿಕದ ದೊಡ್ಡ ಕಂಪನಿಗಳು 2022ರಲ್ಲಿ 3ಜಿ ನಿಲ್ಲಿಸಿದವು. ಆಸ್ಟ್ರೇಲಿಯಾದಲ್ಲಿ 2024ರ ಅಕ್ಟೋಬರ್ ಕೊನೆಗೆ ಟೆಲ್‌ಸ್ಟ್ರಾ ಮತ್ತು ಆಪ್ಟಸ್ 3ಜಿ ನಿಲ್ಲಿಸಲು ಶುರುಮಾಡಿದವು, ಅಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ತುರ್ತು ಕರೆ 4ಜಿಯಲ್ಲಿ ಹೋಗದ ಫೋನುಗಳನ್ನು ನೆಟ್‌ವರ್ಕ್‌ನಿಂದಲೇ ಹೊರಗಿಡಬೇಕು ಅಂತ ನಿಯಮ ಬಂತು. ಹೊರದೇಶದಲ್ಲಿ ಕೊಂಡು ತಂದಿದ್ದ, ಇಂಟರ್ನೆಟ್ ಚೆನ್ನಾಗಿಯೇ ಓಡುತ್ತಿದ್ದ ಎಷ್ಟೋ 4ಜಿ ಫೋನುಗಳೂ ಆಗ ಆಚೆ ಬಿದ್ದವು. ಕಂಪನಿಗೆ ಕೇಳಬೇಕಾದ ಪ್ರಶ್ನೆ ಇದೇ: ನನ್ನ ಫೋನಿನಿಂದ ತುರ್ತು ಕರೆ ಯಾವ ದಾರಿಯಲ್ಲಿ ಹೋಗುತ್ತದೆ? ಪರೀಕ್ಷೆ ಮಾಡಿ ನೋಡೋಣ ಅಂತ ನೀವೇ ತುರ್ತು ನಂಬರಿಗೆ ಕಾಲ್ ಮಾಡಬೇಡಿ ಮತ್ತೆ.

ಹಾಗಂತ ಪಟ್ಟಿಯಲ್ಲಿ ಇಲ್ಲದ ಪ್ರತಿ ಫೋನಿಗೂ ನೆಟ್‌ವರ್ಕ್ ಬದಲಿಸಬೇಕಾಗಿಲ್ಲ. ಕಾಲ್ ಮಾಡುವಾಗ 4ಜಿ ಹಾಗೇ ನಿಂತಿದ್ದು, ಬರೀ ವೈಫೈ ಕಾಲಿಂಗೋ 5ಜಿಯೋ ಇಲ್ಲ ಅಂದಿದ್ದರೆ ‘ಇರಿ, ದುಡ್ಡು ಉಳಿಸಿ’ ಅಂತಲೇ ನಾನು ಹೇಳುತ್ತಿದ್ದೆ. ನಿಮ್ಮದು ಹಾಗಲ್ಲ, ಅಲ್ವಾ? ಮಾತೇ ಹೋಗುತ್ತಿಲ್ಲ. ಅದಕ್ಕೇ ಬದಲಿಸಿ ಅನ್ನುತ್ತೇನೆ, ಆದರೆ ನೋಡಿಕೊಂಡು.

ನೋಡಬೇಕಾದ ಮೊದಲ ವಿಷಯ ಬ್ಯಾಂಡ್, ಅಂದರೆ ಸಿಗ್ನಲ್ ಯಾವ ರೇಡಿಯೋ ತರಂಗಾಂತರದಲ್ಲಿ ಬರುತ್ತದೆ ಅನ್ನುವುದು. ಹಳೇ ಉದಾಹರಣೆ ಒಂದಿದೆ. 2007ರಲ್ಲಿ ಬಂದ ಐಫೋನನ್ನು ಅಮೆರಿಕದಲ್ಲಿ ಮೊದಲು ಮಾರಿದ್ದು ಎಟಿ&ಟಿ ಮಾತ್ರ. 2008ರಿಂದ 3ಜಿ ಇರುವ ಐಫೋನ್‌ಗಳು ಬಂದ ಮೇಲೆ ಜನ ಅವುಗಳ ಲಾಕ್ ತೆಗೆಸಿ ಟಿ-ಮೊಬೈಲ್ ಅನ್ನುವ ಇನ್ನೊಂದು ಕಂಪನಿಯ ಸಿಮ್ ಹಾಕಿಕೊಂಡರು. ಕಾಲ್ ಹೋಗುತ್ತಿತ್ತು, ಮೆಸೇಜ್ ಹೋಗುತ್ತಿತ್ತು, ಇಂಟರ್ನೆಟ್ ಮಾತ್ರ 2ಜಿಯ ಎಡ್ಜ್‌ನಲ್ಲಿ ತೆವಳುತ್ತಿತ್ತು. ಟಿ-ಮೊಬೈಲ್‌ನ 3ಜಿ 1700 ಮೆಗಾಹರ್ಟ್ಸ್‌ನಲ್ಲಿತ್ತು, ಆ ಐಫೋನ್‌ಗಳಿಗೆ ಆ ಬ್ಯಾಂಡ್ ಹಿಡಿಯಲು ಬರುತ್ತಿರಲಿಲ್ಲ. 2012ರ ಹೊತ್ತಿಗೆ ಕಂಪನಿ 1900ರಲ್ಲೂ 3ಜಿ ಕೊಡಲು ಶುರುಮಾಡಿದ ಮೇಲೆ ಅದೇ ಫೋನುಗಳಿಗೆ ವೇಗ ಬಂತು, 2013ರ ಏಪ್ರಿಲ್‌ನಲ್ಲಿ ಐಫೋನ್ ಅಲ್ಲಿ ಅಧಿಕೃತವಾಗಿಯೂ ಬಂತು. ಫೋನು ಒಂದಿಷ್ಟೂ ಬದಲಾಗಿರಲಿಲ್ಲ, ಬದಲಾಗಿದ್ದು ಗಾಳಿಯಲ್ಲಿದ್ದ ಸಿಗ್ನಲ್.

ನಿಮ್ಮ ಪೂರ್ತಿ ಮಾಡೆಲ್ ನಂಬರ್ ಹಿಡಿದು, ಅದು ಯಾವ ಬ್ಯಾಂಡ್ ಹಿಡಿಯುತ್ತದೆ ಅಂತ ತಯಾರಕರ ಪುಟದಲ್ಲಿ ನೋಡಿ. ಹೊಸ ಕಂಪನಿ ಯಾವ ಬ್ಯಾಂಡ್ ಬಳಸುತ್ತದೆ ಅಂತಲೂ ನೋಡಿ. ಎರಡೂ ಕಡೆ ಬ್ಯಾಂಡ್ 3 ಇದ್ದರೆ, ಅಂದರೆ 1800 ಮೆಗಾಹರ್ಟ್ಸ್, ಸಂತೋಷ, ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ. 700, 800, 850, 900ರ ಬ್ಯಾಂಡ್‌ಗಳು, ಅಂದರೆ 28, 20, 5, 8, ಇವು ದೂರ ಹೋಗುತ್ತವೆ, ಗೋಡೆಯನ್ನೂ ಚೆನ್ನಾಗಿ ದಾಟುತ್ತವೆ. ಮನೆ ಒಳಗಿನ ಕಷ್ಟಕ್ಕೆ ಬೇಕಾದದ್ದು ಇವೇ. ಹೊಸ ಕಂಪನಿಯ ಇಂಥ ಕೆಳಗಿನ ಬ್ಯಾಂಡ್ ನಿಮ್ಮ ಫೋನಿನಲ್ಲಿ ಇಲ್ಲದಿದ್ದರೆ, ಅಧಿಕೃತ ಸಪೋರ್ಟ್ ಇದ್ದೂ ಅಡುಗೆಮನೆಯಲ್ಲಿ ಸಿಗ್ನಲ್ ಇಲ್ಲದೇ ಹೋಗಬಹುದು.

ಆಮೇಲೆ, ಪೋರ್ಟ್ ಮಾಡುವ ಮೊದಲು ಪರೀಕ್ಷೆ. ಫೋನಿನಲ್ಲಿ ಎರಡು ಸಿಮ್ ಅಥವಾ ಇ-ಸಿಮ್ ಹಿಡಿಯುವುದಾದರೆ ಹೊಸ ಕಂಪನಿಯ ಅತಿ ಸಣ್ಣ ಪ್ಲಾನ್ ಒಂದನ್ನು ಬೇರೆ ನಂಬರಿನಲ್ಲೇ ತೆಗೆದುಕೊಂಡು ಎರಡು ವಾರ ಜೊತೆಯಲ್ಲಿ ಇಟ್ಟುಕೊಳ್ಳಿ. ಮಲಗುವ ಕೋಣೆ, ಲಿಫ್ಟ್, ಕೆಲಸದ ಜಾಗ, ದಿನಾ ಓಡಾಡುವ ದಾರಿ, ಎಲ್ಲ ಕಡೆಯಿಂದ ಕಾಲ್ ಮಾಡಿ. ಕಡ್ಡಿ ಎಣಿಸಬೇಡಿ. ಎಷ್ಟು ಸಿಗ್ನಲ್‌ಗೆ ಎಷ್ಟು ಕಡ್ಡಿ ಅಂತ ಒಂದೊಂದು ತಯಾರಕರದೂ ಒಂದೊಂದು ಲೆಕ್ಕ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್‌ನ ಅಬೌಟ್ ಫೋನ್ ಒಳಗೆ ಸಿಮ್ ಸ್ಟೇಟಸ್ ನೋಡಿದರೆ ಮೈನಸ್ ಚಿಹ್ನೆಯ ಒಂದು ನಂಬರ್ ಸಿಗುತ್ತದೆ. ಐಫೋನ್‌ನಲ್ಲಿ *3001#12345#* ಡಯಲ್ ಮಾಡಿದರೆ ಪರೀಕ್ಷೆಯ ಪುಟ ತೆರೆಯುತ್ತದೆ. 4ಜಿಯಲ್ಲಿ ಮೈನಸ್ 90ರ ಆಸುಪಾಸು ಇದ್ದರೆ ಚೆನ್ನ, ಮೈನಸ್ 110 ಆದರೆ ತಿಣುಕಾಟ, ಮೈನಸ್ 120 ಅಂದರೆ ಸಿಗ್ನಲ್ ಇಲ್ಲ ಅಂತಲೇ ಲೆಕ್ಕ. ಸಿಗ್ನಲ್ ಕಡಿಮೆ ಇದ್ದಷ್ಟೂ ಫೋನು ಜಾಸ್ತಿ ಜೋರಾಗಿ ಕೂಗಬೇಕು, ಬ್ಯಾಟರಿ ಬೇಗ ಇಳಿಯುವುದಕ್ಕೆ ಇದೂ ಒಂದು ಕಾರಣ. ಎರಡು ವಾರದಲ್ಲಿ ಚಾರ್ಜ್ ಹೇಗೆ ನಿಲ್ಲುತ್ತದೆ ಅಂತಲೂ ಗಮನಿಸಿ, ಆದರೆ ಎರಡು ಸಿಮ್ ಒಟ್ಟಿಗೆ ಇದ್ದಾಗ ಬ್ಯಾಟರಿ ಸ್ವಲ್ಪ ಜಾಸ್ತಿ ಖರ್ಚಾಗುತ್ತದೆ, ಅದನ್ನು ಬಿಟ್ಟು ಲೆಕ್ಕ ಹಾಕಿ.

ದುಬಾರಿ ಅಂದಿರಲ್ಲ, ಅದಕ್ಕೆ ಎರಡು ದಾರಿ. ದೊಡ್ಡ ಕಂಪನಿಯ ಟವರ್‌ಗಳನ್ನೇ ಬಾಡಿಗೆಗೆ ಪಡೆದು ಕಡಿಮೆ ದರಕ್ಕೆ ಸೇವೆ ಕೊಡುವ ಸಣ್ಣ ಕಂಪನಿಗಳು ಹಲವು ದೇಶಗಳಲ್ಲಿವೆ. ಸಿಗ್ನಲ್ ಅದೇ, ಆದರೆ ವೋಲ್ಟೆ ಪಟ್ಟಿ ಬೇರೆ ಇರಬಹುದು, ನಿಮ್ಮ ಮಾಡೆಲ್ ನಂಬರ್ ಹೇಳಿ ಕೇಳಿಯೇ ಸೇರಿ. ಇಲ್ಲವಾದರೆ ಎರಡು ವರ್ಷಕ್ಕೆ ಎಷ್ಟು ಜಾಸ್ತಿ ಕಟ್ಟಬೇಕು ಅಂತ ಕೂಡಿಸಿ ನೋಡಿ. ಆ ದುಡ್ಡಿಗೆ ಈಗಿನ ನೆಟ್‌ವರ್ಕ್ ಒಪ್ಪುವ ಫೋನೇ ಬರುವಂತಿದ್ದರೆ ಫೋನನ್ನೇ ಬದಲಿಸುವುದು ಲೇಸು.

ನಂಬರ್ ವರ್ಗಾಯಿಸುವಾಗ ಹಳೇ ಕನೆಕ್ಷನ್ ರದ್ದು ಮಾಡಿ ಅಂತ ನೀವಾಗಿ ಹೇಳಬೇಡಿ. ರದ್ದಾದ ನಂಬರನ್ನು ಪೋರ್ಟ್ ಮಾಡಲು ಆಗದೇ ಹೋಗಬಹುದು. ಹೊಸ ಕಂಪನಿಗೆ ಅರ್ಜಿ ಕೊಡಿ, ವರ್ಗಾವಣೆ ಮುಗಿದ ಮೇಲೆ ಹಳೆಯದು ತಾನಾಗಿ ನಿಲ್ಲುತ್ತದೆ. ಆ ಒಂದೆರಡು ದಿನ ಬ್ಯಾಂಕಿನ ಒಟಿಪಿ ಬೇಕಾಗುವ ಕೆಲಸ ಇಟ್ಟುಕೊಳ್ಳಬೇಡಿ.

ಪ್ರಶ್ನೆ: ನನ್ನದು ಒಂದು ಕಂಪನಿಗೆ ಲಾಕ್ ಆದ ಸೆಕೆಂಡ್ ಹ್ಯಾಂಡ್ ಫೋನು. ಸಿಮ್ ಮೇಲೆ ಅಂಟಿಸುವ ತೆಳು ಚಿಪ್ ಹಾಕಿ ಬೇರೆ ನೆಟ್‌ವರ್ಕ್ ಬಳಸುತ್ತಿದ್ದೆ. ಅಪ್‌ಡೇಟ್ ಮಾಡಿದ ಮೇಲೆ ಸಿಗ್ನಲ್ಲೇ ಇಲ್ಲ. ಏನು ಮಾಡಲಿ?

ಉತ್ತರ: ಆ ಚಿಪ್, ನಿಮ್ಮ ಸಿಮ್ ಲಾಕ್ ಮಾಡಿದ ಕಂಪನಿಯದೇ ಅಂತ ಫೋನಿಗೆ ನಂಬಿಸುತ್ತದೆ. ತಯಾರಕರು ಆ ತೂತು ಮುಚ್ಚಿದ ದಿನ ಅದು ಕೆಲಸ ನಿಲ್ಲಿಸುತ್ತದೆ, ನಿಮಗೆ ಆಗಿರುವುದು ಅದೇ ಅಂತ ಕಾಣುತ್ತದೆ. ಹೊಸ ಚಿಪ್ ತಂದರೆ ಮುಂದಿನ ಅಪ್‌ಡೇಟ್‌ಗೆ ಇದೇ ಪಾಡು. ಅಪ್‌ಡೇಟೇ ಮಾಡದೆ ಇರುತ್ತೇನೆ ಅಂದರೆ ಸುರಕ್ಷತೆಯ ತೇಪೆಗಳೂ ಬರುವುದಿಲ್ಲ, ಅದೇ ಫೋನಿನಲ್ಲಿ ಬ್ಯಾಂಕ್ ಆ್ಯಪ್ ಇಟ್ಟುಕೊಂಡಿರುವವರು ಹಾಗೆ ಮಾಡಬಾರದು. ಲಾಕ್ ಹಾಕಿದ ಕಂಪನಿಯನ್ನೇ ಕೇಳಿ. ಕಂತು ಪೂರ್ತಿ ಕಟ್ಟಿ ಮುಗಿದಿದ್ದರೆ ಅನೇಕ ಕಂಪನಿಗಳು ಲಾಕ್ ತೆಗೆದುಕೊಡುತ್ತವೆ. ಹಿಂದಿನ ಮಾಲೀಕರ ಕಂತು ಬಾಕಿ ಇದ್ದರೆ, ಅಥವಾ ಫೋನು ಕಳೆದುಹೋಗಿದೆ ಅಂತ ದೂರು ಇದ್ದರೆ, ಐಎಂಇಐ ಕಪ್ಪುಪಟ್ಟಿಗೆ ಸೇರಿರಬಹುದು, ಆಗ ಯಾವ ಚಿಪ್ಪೂ ಉಳಿಸುವುದಿಲ್ಲ. ಮಾರಿದವರ ಹತ್ತಿರ ಇವತ್ತೇ ಮಾತಾಡಿ.

ಪ್ರಶ್ನೆ: ನನ್ನ ಫೋನೂ ನೆಟ್‌ವರ್ಕ್ ಕಂಪನಿಯ ಪಟ್ಟಿಯಲ್ಲಿ ಇಲ್ಲ. ಕಾಲ್ ಸರಿ ಇದೆ, ಅಪ್‌ಡೇಟ್ ಆದ ಮೇಲೆ ಇಂಟರ್ನೆಟ್ ಮಾತ್ರ ಇಲ್ಲ. ಬದಲಿಸಬೇಕಾ?

ಉತ್ತರ: ಬೇಡ ಬೇಡ, ಮೊದಲು ಎಪಿಎನ್ ನೋಡಿ, ಅಂದರೆ ಕಂಪನಿಯ ಇಂಟರ್ನೆಟ್‌ಗೆ ಸೇರಲು ಫೋನಿನ ಮೊಬೈಲ್ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ತುಂಬುವ ಹೆಸರು. ನಿಮ್ಮ ಕಂಪನಿಯ ಫೈಲ್ ಫೋನಿನಲ್ಲಿ ಇಲ್ಲದಿದ್ದರೆ ಎಪಿಎನ್ ನೀವೇ ಕೈಯಾರೆ ತುಂಬಿರುತ್ತೀರಿ, ಕೆಲವೊಮ್ಮೆ ಅಪ್‌ಡೇಟ್ ಅದನ್ನು ಅಳಿಸಿಬಿಡುತ್ತದೆ. ಕಂಪನಿಯ ವೆಬ್‌ಸೈಟಿನಲ್ಲಿ ಸರಿಯಾದ ಎಪಿಎನ್ ಇರುತ್ತದೆ, ಒಂದು ಅಕ್ಷರವೂ ತಪ್ಪದಂತೆ ತುಂಬಿ, ಫೋನನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ. ಇಂಟರ್ನೆಟ್ ಬಂದ ಮೇಲೆ ಆ ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಮುಂದಿನ ಅಪ್‌ಡೇಟ್‌ಗೆ ಬೇಕಾಗುತ್ತದೆ.